ಅದು ಅವರ ದನಿಯಲ್ಲ

ಅವರು ನನ್ನ ಜೊತೆ ಮೊದಲ ಸಲ ಮಾತಾಡಿದ್ದು ಬೈಯುವುದಕ್ಕೆ.

“ರೀ ಮೇಡಂ, ಬೀರೂರು ಸ್ಟೇಷನ್ ಕೇಳಿ ಎಷ್ಟೊತ್ತಾಯ್ತು? ನಿದ್ದೆ ಹೊಡೀತಿದ್ದೀರಾ?”

ನಾನು ಆಗ ಅಜ್ಜಂಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ಪ್ಲಗ್ ಚುಚ್ಚಿ, ಇವರನ್ನು ಅವರಿಗೆ ಕೂಡಿಸುವುದು ಕೆಲಸ. ಹೊರ ಊರಿಗೆ ಹೋಗುವ ಲೈನು ಒಂದೇ. ಎಲ್ಲರಿಗೂ ಅದೇ ಬೇಕು.

“ನಿಮಗಿಂತ ಮುಂಚೆ ಕೊಬ್ಬರಿ ಮಂಡಿಯೋರು ಕೇಳಿದ್ದಾರೆ. ಕ್ಯೂ ಅಂದ್ರೆ ಕ್ಯೂ.”

“ನನ್ನ ಲೈನ್‌ಮನ್ ಕಂಬದ ಬುಡದಲ್ಲಿ ನಿಂತವ್ನೆ ಕಣ್ರೀ.”

“ನಿಂತಿರ್ಲಿ ಬಿಡಿ. ಕಂಬಾನೂ ನಿಂತೇ ಐತಲ್ಲ.”

ಆ ಕಡೆಯಿಂದ ನಗು ಕೇಳಿಸಿತು. ಬೈದವರು ನಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೆಡ್‌ಫೋನಿನೊಳಗೆ ನಕ್ಕರೆ ಅದು ಕಿವಿಗಲ್ಲ, ಕತ್ತಿಗೆ ತಾಗುತ್ತದೆ.

ಯೋಗಾನಂದ. ಕರೆಂಟ್ ಆಫೀಸಿಗೆ ಹೊಸದಾಗಿ ಬಂದಿದ್ದ ಸೆಕ್ಷನ್ ಆಫೀಸರ್. ಊರಿನವರ ಬಾಯಲ್ಲಿ ಎಸ್ಓ ಸಾಹೇಬರು. ಕಡೂರಿನ ಪಕ್ಕದ ಹಳ್ಳಿಯ ಪುಟ್ಟಯ್ಯ, ದ್ಯಾವಮ್ಮನವರ ಮಗ. ಅವರ ಹಟ್ಟಿಯಲ್ಲಿ ಇಂಜಿನಿಯರಿಂಗ್ ಓದಿದವರಲ್ಲಿ ಮೊದಲಿಗರು. ನನ್ನ ಗಂಡ.

ಅವರು ಹೋಗಿ ತಿಂಗಳಾಗುತ್ತ ಬಂದಿತ್ತು. ನನಗೆ ಇನ್ನೂ ಅಳು ಬಂದಿರಲಿಲ್ಲ.

ಇದು ಮನೆಯಲ್ಲಿ ದೊಡ್ಡ ಮಾತಾಗಿತ್ತು. ಅವರ ತಂಗಿ ಈಶ್ವರಮ್ಮ ನೇರವಾಗಿಯೇ ಕೇಳಿದಳು, “ಅಲ್ಲ ಅತ್ಗೆ, ಒಂದು ಹನಿ ಕಣ್ಣೀರಿಲ್ವಲ್ಲ. ನಮ್ಮಣ್ಣ ಏನು ಮಾಡಿದ್ದ ನಿಂಗೆ?” ಬಂದವರಿಗೆಲ್ಲ ಕಾಫಿ ಆಯಿತೇ ಎಂದು ನಾನು ವಿಚಾರಿಸುತ್ತಿದ್ದೆ. ಶಾಮಿಯಾನದವನಿಗೆ ಕುರ್ಚಿ ಎಲ್ಲಿ ಹಾಕಬೇಕೆಂದು ತೋರಿಸಿದೆ. ಅವರ ಮಾತ್ರೆಗಳಲ್ಲಿ ಉಳಿದದ್ದನ್ನು ಮೆಡಿಕಲ್ ಶಾಪಿಗೆ ವಾಪಸ್ ಕಳಿಸಿದೆ. ಕೈ ಕಾಲು ಎಲ್ಲ ನೆಟ್ಟಗಿದ್ದವು. ಎದೆಯ ಜಾಗದಲ್ಲಿ ಮಾತ್ರ ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟಾಗಿನ ದವಡೆಯ ಹಾಗೆ. ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ.

ಮಗಳು ಯಶೋಧರಾ ತಾನು ಪಾಠ ಮಾಡುವ ತರೀಕೆರೆಯ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಅವಳು ಬೈಯಲಿಲ್ಲ. ಹೆದರಿದ್ದಳು. “ಅಮ್ಮಾ, ಒಂದ್ಸಲ ಅತ್ಬಿಡಮ್ಮ. ನೀನು ಹಿಂಗೇ ಇದ್ರೆ ನಿನ್ನೂ ಕಳ್ಕೋತೀನೇನೋ ಅನ್ಸುತ್ತೆ.”

“ಬಂದ್ರೆ ಅಳ್ತೀನಿ ಕಣೇ. ಬರ್ಬೇಕಲ್ಲ.”

ಹೊರಗೆ ಹಾಗೆ ಅಂದೆ. ಒಳಗೆ ಒಂದೇ ಭಯ ಇತ್ತು. ಇಷ್ಟು ವರ್ಷ ಜೊತೆಗಿದ್ದು ಅಳು ಬರದಿದ್ದರೆ, ಆ ಪ್ರೀತಿ ಎಲ್ಲಿ ಹೋಯಿತು? ಅವರ ಜೊತೆ ಅದೂ ಹೋಯಿತೇ?

ಅದಕ್ಕೇ ಮೊದಲಿನಿಂದ ನೆನೆಯುತ್ತ ಹೋದೆ. ಎಲ್ಲಾದರೂ ಒಂದು ಕಡೆ ನೋವು ಸಿಗಬಹುದು ಎಂದು.

ಅಜ್ಜಂಪುರದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ನಾನು ಇಡ್ಲಿ ಕಟ್ಟಿಸಿಕೊಳ್ಳುತ್ತಿದ್ದೆ. ಹಿಂದಿನ ಟೇಬಲ್ಲಿನಿಂದ ದನಿ ಬಂತು, “ಸ್ವಲ್ಪ ಚಟ್ನಿ ಹಾಕಪ್ಪಾ.”

ಚಟ್ನಿ ಕೇಳಿದ ದನಿ ನನಗೆ ಗೊತ್ತಿತ್ತು.

ತಿರುಗಿ ನೋಡಿದೆ. ತೆಳ್ಳಗೆ, ಕಪ್ಪಗೆ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು. ಷರ್ಟಿನ ಜೇಬಿನಲ್ಲಿ ಟೆಸ್ಟರ್. ಫೋನಿನಲ್ಲಿ ಅಷ್ಟು ಜೋರು ಮಾಡುವ ಮನುಷ್ಯ ಇಡ್ಲಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಂಡು, ನಾಚಿಕೆಯವರ ಹಾಗೆ ತಿನ್ನುತ್ತಿದ್ದರು. ಅವರಿಗೆ ನನ್ನ ಮುಖ ಗೊತ್ತಿಲ್ಲ. ನನಗೆ ಅವರು ಗೊತ್ತು. ಒಬ್ಬ ಗಂಡಸನ್ನು ಹಾಗೆ ನಿಂತು ನೋಡುವ ಅವಕಾಶ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಿ ಸಿಗುತ್ತಿತ್ತು? ನಾನು ಸಾವಕಾಶವಾಗಿ ನೋಡಿದೆ. ಕಿವಿ ಸ್ವಲ್ಪ ದೊಡ್ಡದು. ಬೆರಳು ಚೆನ್ನಾಗಿವೆ. ಅವರು ತಲೆ ಎತ್ತಿದರು, ನನ್ನ ನೋಟ ಕಂಡು ಪಕ್ಕಕ್ಕೆ ನೋಡಿದರು, ಮತ್ತೆ ನೋಡಿದರು. ಲೋಟ ಎತ್ತಿ ಕುಡಿದರು. ಅದರಲ್ಲಿ ನೀರಿರಲಿಲ್ಲ.

ಪೊಟ್ಟಣ ತೆಗೆದುಕೊಂಡು ಅವರ ಟೇಬಲ್ ಪಕ್ಕ ಹಾದು ಹೋಗುವಾಗ, ಬೋರ್ಡಿನಲ್ಲಿ ಕರೆ ಬಂದಾಗ ಅನ್ನುವ ಹಾಗೆಯೇ ಮೆಲ್ಲಗೆ ಅಂದೆ, “ನಂಬರ್ ಪ್ಲೀಸ್.”

ಅವರಿಗೆ ಇಡ್ಲಿ ಗಂಟಲಿಗೆ ಸಿಕ್ಕಿತು.

ಅವತ್ತಿನಿಂದ ಫೋನ್ ಎತ್ತಿದರೆ ಮೊದಲು “ಮೇಡಂ, ನಮಸ್ಕಾರ”. ಆಮೇಲೆ ನಂಬರು. ಲೈನು ಸರಿಯಾಗಿ ಕೂಡಿದೆಯೇ ಎಂದು ಆಪರೇಟರ್ ಸ್ವಲ್ಪ ಹೊತ್ತು ಕೇಳಬೇಕು, ಅದು ಕೆಲಸದ ಭಾಗ. ಅವರ ಕಾಲ್‌ಗಳಲ್ಲಿ ಆ ಭಾಗವನ್ನು ನಾನು ಬಹಳ ನಿಷ್ಠೆಯಿಂದ ಮಾಡುತ್ತಿದ್ದೆ.

ಅವರು ಹೆಚ್ಚಾಗಿ ಕೇಳುತ್ತಿದ್ದದ್ದು ಲೈನ್ ಕ್ಲಿಯರ್. ಕಂಬ ಹತ್ತಬೇಕಾದರೆ ಮೊದಲು ಬೀರೂರಿನ ಕರೆಂಟ್ ಸ್ಟೇಷನ್‌ಗೆ ಫೋನ್ ಮಾಡಿ ಆ ಲೈನಿನ ಕರೆಂಟ್ ತೆಗೆಸಬೇಕು. ಅದನ್ನು ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವರೇ ಫೋನ್ ಮಾಡಿ ವಾಪಸ್ ಕೊಡಬೇಕು. ಬೇರೆ ಯಾರೂ ಕೊಡುವ ಹಾಗಿಲ್ಲ. ಅವರಪ್ಪ ಬಂದು ಕೇಳಿದರೂ ಕರೆಂಟ್ ಬಿಡುವ ಹಾಗಿಲ್ಲ. ಮೇಲೆ ಹತ್ತಿದವನ ಪ್ರಾಣ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಊರಾಚೆ ಕೆರೆ ಕಡೆಗೆ ಹೋಗುವ ಲೈನಿಗೆ ಹತ್ತಿರದ ಫೋನ್ ಇದ್ದದ್ದು ಹಾಲೇಶಪ್ಪನವರ ಹಿಟ್ಟಿನ ಗಿರಣಿಯಲ್ಲಿ. ಅಲ್ಲಿಂದಲೇ ಇವರು ಲೈನ್ ಕ್ಲಿಯರ್ ತೆಗೆದುಕೊಳ್ಳುವುದು, ಅಲ್ಲಿಂದಲೇ ವಾಪಸ್ ಕೊಡುವುದು. ಹಾಲೇಶಪ್ಪ ಗಲ್ಲಾ ಪೆಟ್ಟಿಗೆ ಮುಂದೆ ಕೂತು ಅದನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಒಂದು ದಿನ ಗಿರಣಿಯ ಹಿಂದಿನ ಕಂಬದ ಕೆಲಸ ಮುಗಿಸಿ ಇವರು, ಲೈನ್‌ಮನ್ ಓಬಳಪ್ಪ, ಇಬ್ಬರೂ ಅದೇ ಲೈನಿನ, ಕೆರೆ ಏರಿಯ ಆಚೆಗಿನ ಕಂಬಕ್ಕೆ ಹೋದರು. ಗಿರಣಿಯಲ್ಲಿ ರಾಗಿ ಬೀಸಿಸಲು ಬಂದ ಹೆಂಗಸರು ಕರೆಂಟಿಲ್ಲವೆಂದು ಕೂಗಾಡುತ್ತಿದ್ದರು. ಹಾಲೇಶಪ್ಪ ಹೊರಗೆ ಬಂದು ನೋಡಿದರೆ ಕಂಬ ಖಾಲಿ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ವಾಪಸ್ ಕೊಡುವುದು ಮರೆತಿದ್ದಾರೆ ಎಂದುಕೊಂಡರು. ಒಳ್ಳೆಯ ಮನುಷ್ಯ. ಸಹಾಯ ಮಾಡೋಣ ಎಂದು ಫೋನ್ ಎತ್ತಿದರು.

ಬೀರೂರು ಕೇಳಿದರು, ಕೊಟ್ಟೆ. ಗಿರಣಿಯ ಫೋನಿನಿಂದ ಗಿರಣಿಯವರೇ ಮಾತಾಡಿದರೆ ನನಗೇನು ಅನುಮಾನ? ಲೈನು ಕೂಡಿತು.

“ನಾನು ಎಸ್ಓ ಯೋಗಾನಂದ ಮಾತಾಡೋದು. ಲೈನ್ ಕ್ಲಿಯರ್ ವಾಪಸ್ ಕೊಡ್ತಾ…”

ಪ್ಲಗ್ ಕಿತ್ತುಬಿಟ್ಟೆ.

ಯೋಚನೆ ಮಾಡಿ ಕಿತ್ತದ್ದಲ್ಲ. ಕೈ ತಾನೇ ಕಿತ್ತಿತು. ಹಾಲೇಶಪ್ಪ ಮತ್ತೆ ಕರೆದರು, ಎತ್ತಲಿಲ್ಲ. ಬೀರೂರಿಗೆ ನಾನೇ ಮಾಡಿದೆ. “ಅದು ಎಸ್ಓ ಅಲ್ಲ. ಅವರೇ ಮಾತಾಡೋವರೆಗೂ ಕರೆಂಟ್ ಬಿಡ್ಬೇಡಿ.”

“ನೀವ್ಯಾರಮ್ಮ?”

“ಅಜ್ಜಂಪುರ ಎಕ್ಸ್‌ಚೇಂಜ್.”

“ಅವರಲ್ಲ ಅಂತ ನಿಮಗೆ ಹೆಂಗೆ ಗೊತ್ತು?”

“ಅದು ಅವರ ದನಿ ಅಲ್ಲ ಕಣ್ರೀ.”

ಆಮೇಲೆ ಬಹಳ ಹೊತ್ತು ಕಾದೆ. ಬೋರ್ಡಿನಲ್ಲಿ ಯಾರ್ಯಾರೋ ಕರೆಯುತ್ತಿದ್ದರು. ಕೊನೆಗೆ ಗಿರಣಿಯ ನಂಬರ್ ಮತ್ತೆ ಬಂತು.

“ಮೇಡಂ, ನಮಸ್ಕಾರ. ಬೀರೂರು ಸ್ಟೇಷನ್ ಕೊಡಿ.”

“ಕೊಡ್ತೀನಿ” ಅಂದೆ, ಅಷ್ಟೇ.

“ಯಾಕೆ, ದನಿ ಒಂಥರಾ ಐತಲ್ಲ? ಹುಷಾರಿಲ್ವಾ?”

ಅವರಿಗೂ ನನ್ನ ದನಿ ಗೊತ್ತಿತ್ತು ಎಂದು ನನಗೆ ತಿಳಿದದ್ದು ಹೀಗೆ.

ಸಂಜೆ ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಎಕ್ಸ್‌ಚೇಂಜಿನ ಬಾಗಿಲಲ್ಲಿ ಅವರಿದ್ದರು, ಓಬಳಪ್ಪ ಇದ್ದ, ಒಂದು ಚೀಲ ರಾಗಿ ಹಿಟ್ಟು ಹೊತ್ತುಕೊಂಡು ಹಾಲೇಶಪ್ಪನೂ ಇದ್ದರು. ಹಾಲೇಶಪ್ಪ ಚೀಲವನ್ನು ನನ್ನ ಕಾಲ ಬಳಿ ಇಳಿಸಿದರು. ಓಬಳಪ್ಪ ಕೈ ಮುಗಿದು, “ಅವ್ವಾ, ಏರಿ ಆಚೆ ಕಂಬದ ತುದೀಲಿದ್ದೆ ಕಣವ್ವಾ, ವೈರ್ ಹಿಡ್ಕೊಂಡು” ಅಂದ. ನನಗಿಂತ ಎಷ್ಟೋ ದೊಡ್ಡವನು ನನ್ನನ್ನು ಅವ್ವ ಎಂದ.

ಅವರಿಬ್ಬರೂ ಹೋದ ಮೇಲೆ ಇವರು ಟೆಸ್ಟರನ್ನು ಜೇಬಿನಿಂದ ತೆಗೆದು, ಮತ್ತೆ ಇಟ್ಟು, ಮತ್ತೆ ತೆಗೆದರು.

“ಹೆಂಗೆ ಗೊತ್ತಾಯ್ತು?”

“ಊರಿನೋರ ದನಿಯೆಲ್ಲ ನಂಗೆ ಗೊತ್ತು.”

“ಎಲ್ಲರ್ದೂ?”

“ಎಲ್ಲರ್ದೂ.”

“ಹಂಗಾದ್ರೆ ನಂದೇನು ಸ್ಪೆಷಲ್ ಇಲ್ಲ.”

“ಇಲ್ಲ ಅಂತ ನಾನಂದ್ನಾ?”

ದೊಡ್ಡ ಕಿವಿ ಎರಡೂ ಕೆಂಪಾದವು. ಕಪ್ಪು ಮನುಷ್ಯ ನಾಚಿಕೊಂಡರೆ ಕಾಣುವುದಿಲ್ಲ ಎನ್ನುತ್ತಾರೆ. ಸುಳ್ಳು, ಹತ್ತಿರ ನಿಂತು ನೋಡಬೇಕು.

ಕಾಲ್ ಕತ್ತರಿಸಿದ್ದಕ್ಕೆ ನನ್ನನ್ನು ಮೇಲಿನವರು ಕರೆಸಿ ಕೇಳಿದರು. ದನಿ ಗುರುತು ಸಿಕ್ಕಿತು ಎಂದೆ. ಅವರು ಮೀಸೆಯಲ್ಲೇ ನಕ್ಕು ಕಳಿಸಿದರು. ಅಷ್ಟರಲ್ಲಿ ಇಡೀ ಅಜ್ಜಂಪುರಕ್ಕೆ ವಿಷಯ ಗೊತ್ತಾಗಿತ್ತು. ಪ್ರೀತಿ ಎಂಬ ಮಾತನ್ನು ನಾವಿಬ್ಬರೂ ಆಡಲೇ ಇಲ್ಲ, ಊರೇ ಆಡಿ ಮುಗಿಸಿತ್ತು. ಇವರು ಸಖರಾಯಪಟ್ಟಣದ ನಮ್ಮ ಮನೆಗೆ ಬಂದು ನಮ್ಮಪ್ಪನ ಮುಂದೆ ಕೂತು ಹೇಳಿದ್ದು ಇಷ್ಟೇ: “ನಿಮ್ಮ ಮಗಳು ಇಲ್ದಿದ್ರೆ ನಾನು ಅವತ್ತು ಒಂದು ಹೆಣ ಇಳಿಸ್ಬೇಕಿತ್ತು. ಅವಳ ಕೈಲಿ ನನ್ನ ಮನೇನೂ ಕ್ಷೇಮವಾಗಿರುತ್ತೆ ಅನ್ಸುತ್ತೆ.” ಹೆಣ್ಣು ಕೇಳಲು ಬಂದವನು ಹೆಣದ ಮಾತಾಡುತ್ತಾನೆ ಎಂದು ನಮ್ಮಮ್ಮ ತಲೆ ಚಚ್ಚಿಕೊಂಡಳು. ಅಪ್ಪನಿಗೆ ಅದೇ ಹಿಡಿಸಿತು.

ಬುದ್ಧನ ಫೋಟೊ ಮುಂದೆ ಮದುವೆ ಆಯಿತು. ಅತ್ತೆ ದ್ಯಾವಮ್ಮ ನನ್ನ ಗಲ್ಲ ಹಿಡಿದು, “ಕರೆಂಟಿನೋನ್ನ ಕಟ್ಕೊಂಡಿದ್ದೀಯ, ದೀಪ ಹೋದಾಗೆಲ್ಲ ಗಂಡ ಮನೇಲಿರಲ್ಲ ಕಣವ್ವಾ” ಎಂದರು. ಅದು ಅಕ್ಷರಶಃ ನಿಜವಾಯಿತು. ಗಾಳಿ ಎದ್ದರೆ ಊಟದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು. ಮಗಳು ಹುಟ್ಟಿದಾಗಲೂ ಎಲ್ಲೋ ಮುರಿದ ಕಂಬದ ಹತ್ತಿರ ಇದ್ದರು. ಮಾರನೆಯ ದಿನ ಕೆಸರಿನ ಬೂಟಿನಲ್ಲಿ ಆಸ್ಪತ್ರೆಗೆ ಬಂದು, ನರ್ಸಿನ ಕೈಲಿ ಬೈಸಿಕೊಂಡು, ಬೂಟು ಬಿಚ್ಚಿ ಹೊರಗಿಟ್ಟು, ಬರಿಗಾಲಲ್ಲಿ ನಿಂತು ಮಗುವನ್ನು ನೋಡಿದರು. “ಜೋರಾಗಿ ಅಳ್ತಾಳಾ?” ಎಂದು ಕೇಳಿದರು. “ಊರಿಗೇ ಕೇಳ್ಸೋ ಹಂಗೆ” ಎಂದೆ. “ಸರಿ, ನಿನ್ನ ಮಗಳೇ” ಎಂದರು.

ತರೀಕೆರೆಗೆ ವರ್ಗವಾದಾಗ ಬಾಡಿಗೆ ಮನೆ ಹುಡುಕಲು ಹೋದೆವು. ಮನೆ ತೋರಿಸಿದವರು ನೀರಿನ ವಿಷಯ ಹೇಳಿದರು, ಬಚ್ಚಲು ತೋರಿಸಿದರು, ಕೊನೆಗೆ ಕೇಳಿದರು, “ತಾವು ಯಾವ ಜನ?”

“ಕರೆಂಟಿನ ಜನ ಸ್ವಾಮಿ” ಎಂದರು ಇವರು.

ಅವರು ನಗಲಿಲ್ಲ. ಮನೆ ಬೇರೆಯವರಿಗೆ ಮಾತಾಗಿದೆ ಎಂದು ಆಗ ಅವರಿಗೆ ನೆನಪಾಯಿತು. ದಾರಿಯುದ್ದಕ್ಕೂ ಇವರು ತಮಾಷೆ ಮಾಡುತ್ತ ಬಂದರು, ಮನೆಗೆ ಬಂದು ಕೈಕಾಲು ತೊಳೆದುಕೊಂಡು ಸುಮ್ಮನೆ ಕೂತರು. ನಾನು ಪಕ್ಕದಲ್ಲಿ ಕೂತೆ. ಅವರ ಕೈಬೆರಳು ನನ್ನ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇತ್ತು. ಕ್ವಾರ್ಟರ್ಸ್ ಸಿಗುವವರೆಗೆ ಓಬಳಪ್ಪನ ಭಾವನ ಮನೆಯಲ್ಲಿದ್ದೆವು. ವರ್ಷ ಕಳೆದು ಅದೇ ಮನೆಯ ಮೀಟರ್ ಸುಟ್ಟಾಗ ಇವರೇ ಹೋಗಿ ನಿಂತು ಸರಿಮಾಡಿಸಿದರು. “ಯಾಕ್ ಹೋದ್ರಿ?” ಎಂದೆ. “ಮಕ್ಕಳ ಪರೀಕ್ಷೆ ಇತ್ತಂತೆ ಕಣೇ” ಎಂದರು.

ಹೀಗೇ ಬದುಕಿದೆವು. ಜಗಳವೂ ಆಡಿದೆವು. ಪಲ್ಯಕ್ಕೆ ಉಪ್ಪು ಸಾಲದಿದ್ದರೆ “ವೋಲ್ಟೇಜ್ ಕಮ್ಮಿ” ಎನ್ನುವುದು, ನಾನು ಸಿಟ್ಟಾದರೆ “ಈ ಲೈನ್ ಬಿಜಿ ಇದೆ” ಎಂದು ಮಗಳಿಗೆ ಹೇಳುವುದು. ಬೆಳಿಗ್ಗೆ ನಾನು ಬೇಗ ಡ್ಯೂಟಿಗೆ ಹೋಗುವ ದಿನ ಯಶೋಧರಾಗೆ ಜಡೆ ಹಾಕುತ್ತಿದ್ದವರು ಅವರೇ. ವೈರ್ ಬಿಗಿದು ಅಭ್ಯಾಸವಾದ ಕೈ. ಸಂಜೆವರೆಗೂ ಒಂದು ಕೂದಲು ಅಲುಗುತ್ತಿರಲಿಲ್ಲ. ಹುಬ್ಬು ಮೇಲಕ್ಕೆ ಎಳೆದುಕೊಂಡು, ಹುಡುಗಿ ಸದಾ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿದ್ದಳು.

ಕಡೂರಿನಲ್ಲಿ ರಿಟೈರಾದರು. ಕರೆಂಟ್ ಆಫೀಸು ಅವರನ್ನು ಬಿಟ್ಟಿತು, ಜನ ಬಿಡಲಿಲ್ಲ. ಮೋಟರು ಸುಟ್ಟವರು, ಸ್ಟಾರ್ಟರ್ ಕೈಕೊಟ್ಟವರು, ಗೇಟಿನಲ್ಲಿ ನಿಂತು “ಸಾಹೇಬ್ರು ಅವ್ರಾ?” ಎಂದು ಕೂಗುವುದು, “ಅವ್ರೆ, ಬನ್ನಿ” ಎಂದು ನಾನು ಒಳಗಿನಿಂದಲೇ ಹೇಳುವುದು. ಹೃದಯ ಸೋತು, ಓಡಾಟ ನಿಂತು, ಜಗಲಿಯ ಮಂಚವೇ ಅವರ ಜಾಗವಾದ ಮೇಲೂ ಹಾಗೇ ನಡೆಯಿತು.

ಇಷ್ಟನ್ನೂ ನೆನೆದೆ. ಎಲ್ಲವೂ ಸರಿಯಾಗಿ ನೆನಪಿದೆ. ಬೇರೆ ಯಾರದೋ ಮದುವೆಯ ಆಲ್ಬಂ ನೋಡಿದ ಹಾಗೆ ನೋಡಿ ಮುಗಿಸಿದೆ. ಎಲ್ಲಿಯೂ ನೋಯಲಿಲ್ಲ.

ಊರಿನವರು ನುಡಿನಮನ ಮಾಡಿದರು. ದಕ್ಷರು, ಪ್ರಾಮಾಣಿಕರು ಎಂದರು. ನಿಜವೇ. ಆದರೆ ಆ ಮಾತುಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ನಾನು ಮುಂದಿನ ಸಾಲಿನಲ್ಲಿ ಕೂತು ಮೈಕಿನ ವೈರು ಜನರ ಕಾಲಿಗೆ ಸಿಕ್ಕುತ್ತದೆ ಎಂದು ನೋಡುತ್ತಿದ್ದೆ.

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಹೊತ್ತು, ಗೇಟಿನ ಮುಂದೆ ಟಿವಿಎಸ್ ಗಾಡಿ ನಿಂತಿತು. ಹಿಂದಿನ ಸೀಟಿಗೆ ಸ್ಟಾರ್ಟರ್ ಪೆಟ್ಟಿಗೆ ಕಟ್ಟಿತ್ತು. ಪಂಚನಹಳ್ಳಿಯ ಕರಿಸಿದ್ದಪ್ಪ. ಬೋರ್‌ವೆಲ್ ಮೋಟರಿನ ತೊಂದರೆಗೆಲ್ಲ ಇವರ ಹತ್ತಿರವೇ ಬರುತ್ತಿದ್ದವರು. ಮಗಳ ಬಾಣಂತನಕ್ಕೆ ಹೆಂಡತಿ ಜೊತೆ ಹಿರಿಯೂರಿಗೆ ಹೋಗಿದ್ದು, ಊರಿಗೆ ಬಂದದ್ದು ಹಿಂದಿನ ಸಂಜೆಯಂತೆ. ಅವರಿಗೆ ಯಾರೂ ಹೇಳಿರಲಿಲ್ಲ.

“ಸಾಹೇಬ್ರು ಅವ್ರೇನಮ್ಮಾ?”

“ಅವ್ರೆ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿಯೂಬಿಡುತ್ತಿದ್ದೆ. ಒಳಗೆ ಯಶೋಧರಾ ಪಾತ್ರೆ ತೊಳೆಯುತ್ತಿದ್ದಳು. ಅವಳನ್ನು ಕರೆಯೋಣ ಎನ್ನಿಸಿತು. ಈ ಸುದ್ದಿಯನ್ನು ಅದುವರೆಗೆ ಎಲ್ಲರಿಗೂ ಅವಳೇ ಹೇಳಿದ್ದಳು, ಈಶ್ವರಮ್ಮ ಹೇಳಿದ್ದಳು, ಫೋನಿನಲ್ಲಿ ಮೆಸೇಜ್ ಹೋಗಿತ್ತು. ನನ್ನ ಬಾಯಿಂದ ನಾನು ಯಾರಿಗೂ ಹೇಳಿರಲಿಲ್ಲ.

“ಇಲ್ಲಪ್ಪಾ” ಎಂದೆ. “ಅವ್ರು ತೀರ್ಕೊಂಡ್ರು.”

ಕರಿಸಿದ್ದಪ್ಪ ಗಾಡಿಯ ಮೇಲಿನ ಕೈ ತೆಗೆಯಲಿಲ್ಲ. “ಯಾರು?” ಎಂದರು.

“ನಮ್ಮನೆಯೋರು.”

ಅವರು ಹೆಗಲಿನ ಟವಲ್ ತೆಗೆದು, ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಬಾಯಿಗೆ ಟವಲ್ ಒತ್ತಿಕೊಂಡು ಅತ್ತರು. ನೀರು ತಂದುಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು ಕೇಳಿದರು, “ಹೆಂಗಾಯ್ತಮ್ಮ? ಕಷ್ಟ ಪಟ್ರಾ?”

“ಇಲ್ಲ. ಇಲ್ಲೇ ಮಂಚದ ಮೇಲೆ ಮಲಗಿದ್ರು. ನಾನು ಕೆಳಗೆ ಕೂತು ಅವರೇಕಾಯಿ ಬಿಡಿಸ್ತಿದ್ದೆ.”

“ಏನಾದ್ರೂ ಅಂದ್ರಾ?”

ಯಶೋಧರಾ ಬಾಗಿಲಿಗೆ ಬಂದು ನಿಂತಿದ್ದಳು. ಒದ್ದೆ ಕೈ ಹಾಗೇ ಇತ್ತು. ಅವಳೂ ಇದನ್ನು ನನ್ನ ಹತ್ತಿರ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ ಅದರಲ್ಲಿ.

“‘ಕೋಮಲಾ, ನಿನ್ ಮುಖಕ್ಕೆ ಬಿಸ್ಲು ಬೀಳ್ತೈತೆ, ಈ ಕಡೆ ಜರುಗು’ ಅಂದ್ರು. ‘ಇನ್ನೊಂದ್ ಹಿಡಿ ಐತೆ, ಮುಗಿಸ್ತೀನಿ, ಸುಮ್ನಿರಿ’ ಅಂದೆ. ‘ಜರುಗೇ’ ಅಂದ್ರು. ನಾನು ಜರುಗ್ಲಿಲ್ಲ. ಕಾಯಿ ಮುಗೀತು. ಆಮೇಲೆ ಅವರ ಪಕ್ಕಕ್ಕೆ ಜರುಗಿ, ‘ಸರಿ, ಬಂದೆ, ಸಮಾಧಾನ ಆಯ್ತಾ?’ ಅಂತ ಕೇಳ್ದೆ.”

ಕರಿಸಿದ್ದಪ್ಪ ನನ್ನನ್ನೇ ನೋಡುತ್ತಿದ್ದರು.

“ಅವ್ರು ಏನೂ ಅನ್ಲಿಲ್ಲ” ಎಂದೆ. “ನಾನು ಇನ್ನೂ ಒಂದ್ಸಲ ಕೇಳ್ದೆ.”

ಮುಖ ತಣ್ಣಗಾಯಿತು, ಕೈ ಇಟ್ಟು ನೋಡಿದರೆ ಒದ್ದೆ. ಯಶೋಧರಾ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅಳುವ ಸದ್ದು ಬೇರೆ ಯಾರದೋ ಎಂದುಕೊಂಡೆ. ನನ್ನದೇ. ಎದೆ ಬಹಳ ನೋಯುತ್ತಿತ್ತು, ಅವರು ಮತ್ತೆ ಮನೆಗೆ ಬಂದ ಹಾಗೆ ನೋಯುತ್ತಿತ್ತು.